ಸಕ್ಕರೆಯಿಲ್ಲದ ಕಾಕ್‌ಟೇಲ್ ಮತ್ತು ನನ್ನ ಹೊಟ್ಟೆಕಿಚ್ಚು

ನನ್ನ ಗಂಡ ಮೂಡುಬಿದಿರೆಯಲ್ಲಿ ಇನ್ನೊಬ್ಬಳ ಕೈಯ ಕಾಕ್‌ಟೇಲ್ ಕುಡಿಯುತ್ತಿದ್ದಾರೆ ಎಂಬ ಸುದ್ದಿ ಮುಟ್ಟಿಸಿದವರು ನಮ್ಮ ಅಂಗಡಿಗೆ ದಿನವೂ ಬರುವ ನಿವೃತ್ತ ಮಾಸ್ಟ್ರು. ಏಪ್ರಿಲ್ ತಿಂಗಳು, ಬಿಸು ಹಬ್ಬ ಕಳೆದು ಎರಡು ದಿನವಾಗಿತ್ತು. ಮಾಸ್ಟ್ರು ಉಪ್ಪು ಹಾಕಿದ ಲಿಂಬೆ ಶರಬತ್ತನ್ನು ಅರ್ಧ ಕುಡಿದು, ಗ್ಲಾಸು ಕೆಳಗಿಟ್ಟು, ಬಸ್ಸಿನ ಸಮಯ ಹೇಳುವಷ್ಟು ಸಲೀಸಾಗಿ ಹೇಳಿದರು.

"ನಿನ್ನೆ ನಿಮ್ಮ ಯಜಮಾನರನ್ನು ಮೂಡುಬಿದಿರೆಯಲ್ಲಿ ಕಂಡೆ. ಜ್ಯೂಸಿನಂಗಡಿಯಲ್ಲಿ ಕೂತು ಕಾಕ್‌ಟೇಲ್ ಕುಡೀತಾ ಇದ್ರು. ದೊಡ್ಡ ಗ್ಲಾಸು."

ನನ್ನ ಚಾಕು ಪಪ್ಪಾಯಿಯ ಮೇಲೆ ಹಾಗೆಯೇ ನಿಂತಿತು.

"ಯಾವ ಅಂಗಡಿ ಮಾಸ್ಟ್ರೇ?"

"ಅದೇ, ನಿಮ್ಮಲ್ಲಿ ಮೊದಲು ಇದ್ದಳಲ್ಲ, ಅವಳದ್ದು."

ಹೊರಗಿನವರಿಗೆ ಒಂದು ಮಾತು ಹೇಳಬೇಕು. ನಮ್ಮ ಕಡೆಯ ಜ್ಯೂಸಿನಂಗಡಿಗಳಲ್ಲಿ ಕಾಕ್‌ಟೇಲ್ ಎಂದರೆ ಅದರಲ್ಲಿ ಮದ್ಯದ ಹನಿಯೂ ಇರುವುದಿಲ್ಲ. ಬೇಯಿಸಿದ ಕ್ಯಾರೆಟ್, ಹಣ್ಣು ಪಪ್ಪಾಯಿ, ಪ್ಯಾಕೆಟ್ ಸಮೇತ ಫ್ರೀಜರಿನಲ್ಲಿಟ್ಟು ಅರ್ಧ ಗಡ್ಡೆ ಕಟ್ಟಿಸಿದ ಹಾಲು, ಸಕ್ಕರೆ, ಡಬ್ಬಿಯ ಗಟ್ಟಿ ಹಾಲು, ಒಂದು ಉಂಡೆ ಐಸ್‌ಕ್ರೀಮ್. ಎಲ್ಲವನ್ನೂ ಮಿಕ್ಸಿಗೆ ಹಾಕಿ ತಿರುಗಿಸಿದರೆ ಚಮಚ ನೆಟ್ಟಗೆ ನಿಲ್ಲುವಷ್ಟು ಗಟ್ಟಿಯಾದ ಕೇಸರಿ ಬಣ್ಣದ ಪಾನೀಯ ಬರುತ್ತದೆ. ಮೇಲೆ ದಾಳಿಂಬೆ, ಗೇರುಬೀಜ, ಒಣದ್ರಾಕ್ಷಿ, ಟೂಟಿಫ್ರೂಟಿ. ಬೇಸಿಗೆಯ ಮೂರು ತಿಂಗಳು ನಮ್ಮ ಅಂಗಡಿ ನಿಲ್ಲುವುದೇ ಅದರ ಮೇಲೆ. ಪಾಣೆಮಂಗಳೂರಿನಲ್ಲಿ ನನ್ನ ಕಾಕ್‌ಟೇಲಿಗೆ ಹೆಸರಿದೆ. ಇದನ್ನು ನಾನೇ ಹೇಳಿಕೊಳ್ಳಬಾರದು, ಆದರೆ ಬೇರೆಯವರು ಸಾಕಷ್ಟು ಹೇಳುವುದಿಲ್ಲ.

ಅದರ ಮೊದಲ ಗ್ಲಾಸು ಯಾವಾಗಲೂ ನನ್ನ ಗಂಡನದು. ಇಪ್ಪತ್ತೊಂದು ಬೇಸಿಗೆ, ಬೆಳಿಗ್ಗೆ ಹನ್ನೊಂದು ಗಂಟೆಗೆ. ಅವರು ಬೇಕರಿ ತಿಂಡಿಗಳನ್ನು ವ್ಯಾನಿನಲ್ಲಿ ಅಂಗಡಿ ಅಂಗಡಿಗೆ ಹಾಕುವ ಕೆಲಸದವರು. ಹತ್ತಿರದ ಲೈನಿನ ದಿನಗಳಲ್ಲಿ ಹನ್ನೊಂದಕ್ಕೆ ಸರಿಯಾಗಿ ಬರುತ್ತಿದ್ದರು. ಸಿದ್ಧಕಟ್ಟೆ ಮಾರ್ಗವಾಗಿ ಮೂಡುಬಿದಿರೆಗೆ ಹೋಗುವ ಮಂಗಳವಾರ ಮತ್ತು ಶುಕ್ರವಾರ ಮಾತ್ರ ಹೊರಡುವ ಮೊದಲೇ ಮಾಡಿಸಿಕೊಂಡು ಕುಡಿಯುತ್ತಿದ್ದರು. ಆ ದಿನದ ಹದ ಸರಿಯಾಗಿದೆಯೇ ಎಂದು ನಾನು ತಿಳಿಯುತ್ತಿದ್ದದ್ದು ಅವರ ಮುಖ ನೋಡಿ. ಕಣ್ಣು ಅರ್ಧ ಮುಚ್ಚಿದರೆ ಹದ ಸರಿ.

ಫೆಬ್ರವರಿಯಲ್ಲಿ ಅವರ ಕಾಲ್ಬೆರಳುಗಳು ಜುಂ ಅನ್ನತೊಡಗಿದವು. ಬಂಟ್ವಾಳದ ಡಾಕ್ಟರು ರಕ್ತ ಪರೀಕ್ಷೆಯ ಚೀಟಿಯಲ್ಲಿ ಸಕ್ಕರೆಯ ಅಂಕಿ ನೋಡಿ, ನಾವು ಯಾವ ಅಂಗಡಿಯವರು ಎಂದು ಕೇಳಿ, ಕನ್ನಡಕ ತೆಗೆದು ನನ್ನನ್ನೇ ನೋಡಿದರು. "ಅಮ್ಮ, ಇವರಿಗೆ ಆ ಗ್ಲಾಸು ಇನ್ನು ಬೇಡ. ಕಾಲಿನ ನರಕ್ಕೆ ಈಗಲೇ ತೊಂದರೆ ಶುರುವಾಗಿದೆ. ಮೂರು ತಿಂಗಳು ಬಿಟ್ಟು ಮತ್ತೆ ಪರೀಕ್ಷೆ ಮಾಡುವ," ಎಂದರು. ಅಂದೇ ನಿಲ್ಲಿಸಿದೆ. ಅವರ ದೊಡ್ಡ ಗ್ಲಾಸನ್ನು ಕಪಾಟಿನ ಮೇಲಿನ ಹಲಗೆಗೆ ಏರಿಸಿದೆ. ಹನ್ನೊಂದು ಗಂಟೆಗೆ ಅವರು ಬರುವುದೂ ನಿಂತಿತು. ಬಂದು ಮಾಡುವುದಾದರೂ ಏನು?

ಆ ಬೇಸರವನ್ನೆಲ್ಲ ನುಂಗಿಕೊಂಡು ನಾನು ಕೂತಿದ್ದರೆ ಇವರು ಮೂಡುಬಿದಿರೆಯಲ್ಲಿ ಕುಡಿಯುತ್ತಿದ್ದಾರೆ! ಅದೂ ಅವಳ ಅಂಗಡಿಯಲ್ಲಿ! ಅವಳು ನಾಲ್ಕು ವರ್ಷ ನನ್ನ ಜೊತೆ ಕೌಂಟರಿನಲ್ಲಿ ನಿಂತವಳು. ಬಂದಾಗ ಮಿಕ್ಸಿಯ ಮುಚ್ಚಳ ಹಾಕಲೂ ಬರುತ್ತಿರಲಿಲ್ಲ. ಕ್ಯಾರೆಟ್ ಎಷ್ಟು ಬೇಯಬೇಕು, ಹಾಲಿನ ಗಡ್ಡೆಯನ್ನು ಹೇಗೆ ಒಡೆಯಬೇಕು, ಒಂದು ಚಿಟಿಕೆ ಉಪ್ಪು ಯಾವಾಗ ಬೀಳಬೇಕು, ಎಲ್ಲ ನಾನು ಹೇಳಿಕೊಟ್ಟದ್ದು. ಮದುವೆಯಾಗಿ ಮೂಡುಬಿದಿರೆಗೆ ಹೋಗಿ ಸ್ವಂತ ಅಂಗಡಿ ಹಾಕಿದಳು. ಏಪ್ರನ್ ಕಟ್ಟಿಕೊಂಡು ಹಣ್ಣು ಕತ್ತರಿಸುವ ವೀಡಿಯೊಗಳನ್ನು ಮೊಬೈಲಿನಲ್ಲಿ ಹಾಕುತ್ತಾಳೆ. ನೂರಾರು ಜನ ಅದನ್ನು ನೋಡುತ್ತಾರಂತೆ. ನಾನೂ ನೋಡುತ್ತೇನೆ, ಆದರೆ ಲೈಕ್ ಕೊಡುವುದಿಲ್ಲ.

ಅಂದು ಸಂಜೆ ಅವರು ಮನೆಗೆ ಬಂದು ಶೂ ಬಿಚ್ಚುವ ಮೊದಲೇ ಕೇಳಿದೆ. ನಾವು ಮನೆಯಲ್ಲಿ ಜಗಳವಾಡುವುದು ತುಳುವಿನಲ್ಲಿ. ಇಲ್ಲಿ ಕನ್ನಡದಲ್ಲಿ ಬರೆಯುವಾಗ ಅದರ ಖಾರ ಸ್ವಲ್ಪ ಕಡಿಮೆಯಾಗುತ್ತದೆ.

"ಅವಳು ಸಕ್ಕರೆ ಹಾಕುವುದಿಲ್ಲ ಮಾರಾಯ್ತಿ," ಎಂದರು. "ಹೆಲ್ತಿ ಕಾಕ್‌ಟೇಲ್ ಅಂತ ಬೋರ್ಡೇ ಉಂಟು. ಬೇಕಾದರೆ ಹೋಗಿ ನೋಡು."

"ಸಕ್ಕರೆ ಇಲ್ಲದೆ ಎಂತ ರುಚಿ ಅದಕ್ಕೆ?"

"ರುಚಿ ಉಂಟು."

"ನನ್ನದರಷ್ಟು?"

ಅವರು ಶೂವಿನ ದಾರ ಬಿಚ್ಚುತ್ತಾ ತಲೆ ಎತ್ತದೆ ಹೇಳಿದರು. "ಅಷ್ಟೇ ಉಂಟು. ಸುಳ್ಳು ಯಾಕೆ ಹೇಳಲಿ?"

ಬೋರ್ಡು ಇರುವುದು ನನಗೂ ಗೊತ್ತಿತ್ತು. ವೀಡಿಯೊದಲ್ಲಿ ಹಸಿರು ಅಕ್ಷರದಲ್ಲಿ ಕಂಡಿದ್ದೆ. ಹೋಗಿ ನೋಡುವುದು ಮಾತ್ರ ಸಾಧ್ಯವೇ ಇರಲಿಲ್ಲ. ನಾನು ಕಲಿಸಿದವಳ ಅಂಗಡಿಗೆ ಗಿರಾಕಿಯಾಗಿ ಹೋಗಿ, "ಹೇಗೆ ಮಾಡಿದೆ?" ಎಂದು ಕೇಳುವುದೇ? ಅದಕ್ಕಿಂತ ನನ್ನ ಮಿಕ್ಸಿಯ ಬ್ಲೇಡು ಸವೆಯಲಿ. ಅವಳಿಗೆ ಆಗುತ್ತದೆ ಎಂದರೆ ನನಗೂ ಆಗಲೇಬೇಕು. ನನ್ನ ಗಂಡ ಮೊದಲಿನ ಹಾಗೆ ನನ್ನ ಕೌಂಟರಿಗೆ ಬಂದು, ನನ್ನ ಕೈಯಿಂದ ತೆಗೆದುಕೊಂಡು ಕುಡಿಯಬೇಕು. ಬೇಕಾದದ್ದು ಅಷ್ಟೇ. ಮರುದಿನ ಬೆಳಿಗ್ಗೆ ಶುರು ಮಾಡಿದೆ.

ಮೊದಲು ಬೆಲ್ಲ. ನಮ್ಮಲ್ಲಿ ಬೆಲ್ಲವನ್ನು ಯಾರೂ ಸಕ್ಕರೆ ಎಂದು ಎಣಿಸುವುದಿಲ್ಲ. ಬಿಸಿಲಿನಲ್ಲಿ ಬಂದವರಿಗೆ ಬೆಲ್ಲ ನೀರು ಕೊಟ್ಟು ಬೆಳೆದವರು ನಾವು, ಅದು ಮದ್ದಿನ ಹಾಗೆ ಎಂದೇ ನಂಬಿಕೆ. ಒಳ್ಳೆಯ ತಾಳೆಮರದ ಓಲೆಬೆಲ್ಲ ತಂದು, ಕ್ಯಾರೆಟ್ಟನ್ನು ಹಾಲಿನಲ್ಲಿ ಬೇಯಿಸುವಾಗಲೇ ಪುಡಿ ಮಾಡಿ ಹಾಕಿದೆ. ಎರಡು ಕುದಿ ಬರುವುದರೊಳಗೆ ಹಾಲು ಒಡೆದು ಹೋಯಿತು. ಇನ್ನೊಮ್ಮೆ ಬೆಲ್ಲವನ್ನು ಬೇರೆ ಪಾಕ ಮಾಡಿ, ಆರಿಸಿ, ತಣ್ಣನೆಯ ಹಾಲಿಗೆ ಸೇರಿಸಿದೆ. ಒಡೆಯಲಿಲ್ಲ. ಬಣ್ಣ ಮಾತ್ರ ಕೆಸರಿನ ಹಾಗಾಯಿತು. ಅದನ್ನೇ ದೊಡ್ಡ ಸಾಧನೆ ಎಂದುಕೊಂಡು ಡಾಕ್ಟರಿಗೆ ಫೋನು ಮಾಡಿ ಹೇಳಿದೆ. ಅವರು ನಕ್ಕರು.

"ಬೆಲ್ಲ, ಜೇನು, ಖರ್ಜೂರ, ಎಲ್ಲ ಒಂದೇ ಕುಟುಂಬ ಅಮ್ಮ. ಹೆಸರು ಬೇರೆ ಅಷ್ಟೇ. ಒಂದು ಸಣ್ಣ ಗ್ಲಾಸು, ಮೇಲಿಂದ ಸಿಹಿ ಹಾಕದೆ, ಸೋಸದೆ ಕೊಡುವುದಾದರೆ ಅಪರೂಪಕ್ಕೆ ಕೊಡಿ."

ಖರ್ಜೂರವನ್ನು ಮರುದಿನಕ್ಕೆಂದು ಆಗಲೇ ನೆನೆಹಾಕಿದ್ದೆ. ಅದನ್ನು ನಾನೇ ತಿಂದೆ. ಮೆಡಿಕಲ್ ಶಾಪಿನಲ್ಲಿ ಸಿಗುವ ಸಿಹಿ ಗುಳಿಗೆಯನ್ನೂ ಕರಗಿಸಿ ನೋಡಿದೆ. ಕುಡಿದು ಹತ್ತು ನಿಮಿಷವಾದರೂ ನಾಲಿಗೆಯ ಹಿಂಭಾಗದಲ್ಲಿ ಏನೋ ಅಂಟಿಕೊಂಡ ಹಾಗಿತ್ತು. ಗಂಡ ಒಂದು ಗುಟುಕು ಕುಡಿದು ಗ್ಲಾಸು ಬದಿಗಿಟ್ಟರು.

"ಅಲ್ಲಿಯದ್ದು ಹೀಗಲ್ಲ," ಎಂದರು.

ಈ ಮಾತನ್ನು ಆ ಬೇಸಿಗೆಯಲ್ಲಿ ನಾನು ಎಷ್ಟು ಸಲ ಕೇಳಿದೆನೋ. ಪ್ರತಿ ಸಲವೂ ಒಂದೇ ಧ್ವನಿ. ಬೈಯುವುದೂ ಇಲ್ಲ, ಹೊಗಳುವುದೂ ಇಲ್ಲ. ನಾನು ಐಸ್‌ಕ್ರೀಮ್ ತೆಗೆದೆ, ಗಟ್ಟಿ ಹಾಲು ತೆಗೆದೆ, ಟೂಟಿಫ್ರೂಟಿ ತೆಗೆದೆ. ಅಲ್ಲಿಯದ್ದು ಹೀಗಲ್ಲ. ಕ್ಯಾರೆಟ್ ಹೆಚ್ಚು ಮಾಡಿದೆ, ಏಲಕ್ಕಿ ಹಾಕಿದೆ. ಅಲ್ಲಿಯದ್ದು ಹೀಗಲ್ಲ. ಅವಳು ಏನು ಮಾಡುತ್ತಾಳೆ ಎಂದು ತಿಳಿಯಲು ಅವಳ ವೀಡಿಯೊಗಳನ್ನು ನಿಲ್ಲಿಸಿ ನಿಲ್ಲಿಸಿ ನೋಡಿದೆ. ಅವಳ ಹಿಂದಿನ ಹಲಗೆಯಲ್ಲಿರುವ ಡಬ್ಬಿಗಳನ್ನು ದೊಡ್ಡದು ಮಾಡಿ ನೋಡಿದೆ. ಒಂದರ ಮೇಲೂ ಹೆಸರಿರಲಿಲ್ಲ.

ಸಿಹಿಯೆಲ್ಲ ಹಣ್ಣಿನಿಂದಲೇ ಬರಲಿ ಎಂದು ಪಪ್ಪಾಯಿ ಹೆಚ್ಚು ಮಾಡಿದ್ದು ಇನ್ನೊಂದು ಫಜೀತಿ. ಬೆಳಿಗ್ಗೆ ಒಂಬತ್ತಕ್ಕೆ ಮಾಡಿ ರುಚಿ ನೋಡಿದೆ, ಪರವಾಗಿಲ್ಲ ಅನ್ನಿಸಿತು. ಅವರು ಊಟಕ್ಕೆ ಬರುವ ಒಂದು ಗಂಟೆಗೆಂದು ಫ್ರಿಜ್ಜಿನಲ್ಲಿಟ್ಟೆ. ಮಧ್ಯಾಹ್ನ ಅವರು ಕುಡಿದವರೇ ಸಿಂಕಿನತ್ತ ಓಡಿದರು. ನಾನೂ ಕುಡಿದು ನೋಡಿದೆ. ಕಹಿ! ಬೇವಿನ ಕಷಾಯಕ್ಕೆ ನಾಲ್ಕು ಹೆಜ್ಜೆ ಹಿಂದೆ. ಹಣ್ಣಿನವರಿಗೆ ಫೋನು ಮಾಡಿ ಹತ್ತು ನಿಮಿಷ ಜಗಳವಾಡಿದೆ. ಅವರು ಪಾಪ, "ಅದೇ ಬುಟ್ಟಿಯ ಹಣ್ಣು ನಾವೂ ತಿಂದೆವು ಅಕ್ಕ, ಬೆಲ್ಲದ ಹಾಗಿತ್ತು," ಎಂದರು.

ಮರುದಿನ ಮೂರು ಲೋಟ ಸಾಲಾಗಿ ಇಟ್ಟೆ. ಒಂದರಲ್ಲಿ ಕ್ಯಾರೆಟ್ ಮತ್ತು ಹಾಲು, ಒಂದರಲ್ಲಿ ಪಪ್ಪಾಯಿ ಮತ್ತು ಹಾಲು, ಇನ್ನೊಂದರಲ್ಲಿ ಪಪ್ಪಾಯಿ ಮಾತ್ರ. ಅರ್ಧ ಗಂಟೆಗೊಮ್ಮೆ ಒಂದೊಂದು ಚಮಚ ರುಚಿ ನೋಡಿದೆ. ಕ್ಯಾರೆಟ್ ಸರಿಯಾಗಿಯೇ ಇತ್ತು, ಪಪ್ಪಾಯಿಯೂ ಸರಿಯಾಗಿಯೇ ಇತ್ತು. ಪಪ್ಪಾಯಿ ಮತ್ತು ಹಾಲು ಕೂಡಿದ ಲೋಟ ಮಾತ್ರ ಒಂದು ಗಂಟೆ ಕಳೆಯುತ್ತಲೇ ಕಹಿಯಾಗತೊಡಗಿತು. ಇಪ್ಪತ್ತೊಂದು ವರ್ಷದಿಂದ ಎರಡನ್ನೂ ಒಟ್ಟಿಗೆ ತಿರುಗಿಸುತ್ತಿದ್ದರೂ ನನಗಿದು ತಿಳಿದಿರಲಿಲ್ಲ. ಅಂಗಡಿಯಲ್ಲಿ ಮಾಡಿದ ಗ್ಲಾಸು ಐದು ನಿಮಿಷದಲ್ಲಿ ಹೊಟ್ಟೆ ಸೇರುತ್ತದೆ, ಮೇಲೆ ಅಷ್ಟೊಂದು ಸಕ್ಕರೆ ಬೇರೆ. ಕಹಿ ಹುಟ್ಟಲು ನಾವು ಪುರುಸೊತ್ತೇ ಕೊಡುತ್ತಿರಲಿಲ್ಲ. ಪಪ್ಪಾಯಿಯನ್ನು ಬೇಯಿಸಿ ಹಾಕಿದರೆ ಕಹಿಯಾಗುವುದಿಲ್ಲ ಎಂದು ಅದರ ಮರುದಿನ ಗೊತ್ತಾಯಿತು. ಆದರೆ ಬೆಂದ ಪಪ್ಪಾಯಿ ಕುಂಬಳಕಾಯಿಯ ಹಾಗೆ ನಾರಿತು.

ಮಾಸ್ಟ್ರು ಇದನ್ನೆಲ್ಲ ಸ್ಟೂಲಿನಲ್ಲಿ ಕೂತು ನೋಡುತ್ತಿದ್ದರು. "ಅವಳನ್ನೇ ಕೇಳಬಹುದಲ್ಲ?" ಎಂದರು ಒಂದು ದಿನ. ನಾನು ಅವರ ಶರಬತ್ತಿಗೆ ಉಪ್ಪು ಹಾಕುವುದನ್ನೇ ಮರೆತೆ. ಬೇಕೆಂದೇ ಮರೆತೆ ಎಂದು ಅವರಿಗೆ ತಿಳಿಯಿತು, ಮತ್ತೆ ಆ ಮಾತು ಎತ್ತಲಿಲ್ಲ.

ಮೇ ಮೊದಲ ವಾರ ಚಾರ್ಮಾಡಿಯಲ್ಲಿರುವ ಚಿಕ್ಕಮ್ಮನ ಮನೆಗೆ ಹೋದೆ. ಅವರ ಮೊಮ್ಮಗುವಿಗೆ ಹೆಸರಿಡುವ ಕಾರ್ಯಕ್ರಮ. ಬೆಳ್ತಂಗಡಿಯಲ್ಲಿ ಬಸ್ಸು ಬದಲಿಸುವಾಗಲೇ ನನಗೆ ತಲೆನೋವು ಬಂದಿತ್ತು. ಊಟದ ಹೊತ್ತಿಗೆ ಸಂಬಂಧಿಕಳೊಬ್ಬಳು ಮೊಬೈಲು ಹಿಡಿದು ನನ್ನ ಪಕ್ಕ ಬಂದು ಕೂತು, "ಇವಳು ನಿಮ್ಮಲ್ಲಿ ಇದ್ದವಳಲ್ಲವಾ? ಎಷ್ಟು ಚಂದ ಮಾಡ್ತಾಳೆ!" ಎಂದಳು. ಪಾಯಸವನ್ನು ಅರ್ಧಕ್ಕೇ ಬಿಟ್ಟು ಎದ್ದು ಹಿಂದಿನ ಜಗಲಿಗೆ ಹೋದೆ.

ಚಿಕ್ಕಮ್ಮ ಹಿಂದೆಯೇ ಬಂದರು. ಅವರು ಯಾರ ಸಿಟ್ಟಿನ ಕಾರಣವನ್ನೂ ಕೇಳುವವರಲ್ಲ. ಭರಣಿಯಿಂದ ಉಪ್ಪುನೀರಿನಲ್ಲಿ ಹಾಕಿದ ಒಂದು ನೆಲ್ಲಿಕಾಯಿ ತೆಗೆದು ಕೈಗೆ ಕೊಟ್ಟು, "ಇದನ್ನು ಜಗಿ. ಆಮೇಲೆ ನೀರು ಕುಡಿ," ಎಂದರು.

ಜಗಿದೆ. ಹುಳಿ, ಒಗರು, ಉಪ್ಪು, ಬಾಯಿಯೆಲ್ಲ ಮುದುಡಿತು. ಬೀಜ ಉಗಿದು, ಚೊಂಬಿನ ಬಾವಿ ನೀರನ್ನು ಬಾಯಿಗೆ ಸುರಿದುಕೊಂಡೆ. ನೀರು ಸಿಹಿಯಾಗಿತ್ತು. ನೆಲ್ಲಿಕಾಯಿ ತಿಂದು ನೀರು ಕುಡಿದರೆ ಸಿಹಿಯಾಗುತ್ತದೆ ಎಂದು ಶಾಲೆಗೆ ಹೋಗುವ ಮಕ್ಕಳಿಗೂ ಗೊತ್ತು. ನನಗೂ ಗೊತ್ತಿತ್ತು. ಆದರೂ ಅಂದು ಚೊಂಬು ಹಿಡಿದು ಸ್ವಲ್ಪ ಹೊತ್ತು ಹಾಗೆಯೇ ನಿಂತೆ. ಸಂಜೆ ಹೊರಡುವಾಗ ಭರಣಿಯನ್ನೇ ಕೇಳಿದೆ. "ಬಸಿರಿಯಾ ಎಂತ ಈ ಪ್ರಾಯದಲ್ಲಿ?" ಎಂದು ಚಿಕ್ಕಮ್ಮ ಎಲ್ಲರೆದುರು ತಮಾಷೆ ಮಾಡಿದರು. ಮಾಡಲಿ. ಭರಣಿ ಮಡಿಲಲ್ಲಿಟ್ಟುಕೊಂಡು ಬಸ್ಸಿನಲ್ಲಿ ಕೂತೆ.

ಜ್ಯೂಸಿನವರ ಬುದ್ಧಿ ಎಂತಹದೆಂದರೆ, ಕಂಡದ್ದನ್ನೆಲ್ಲ ಮಿಕ್ಸಿಗೆ ಹಾಕುವುದು. ಮರುದಿನ ನಾನು ಮಾಡಿದ್ದೂ ಅದನ್ನೇ. ಎರಡು ನೆಲ್ಲಿಕಾಯಿ ಕತ್ತರಿಸಿ ಕ್ಯಾರೆಟ್, ಪಪ್ಪಾಯಿ, ಹಾಲಿನ ಜೊತೆ ತಿರುಗಿಸಿಬಿಟ್ಟೆ. ಹಾಲು ಮೊಸರಿನ ಹಾಗಾಗಿ, ಹುಳಿ ಮೇಲೆದ್ದು, ದನವೂ ಮೂಸದಂಥ ವಸ್ತು ತಯಾರಾಯಿತು. ಎರಡನೆಯ ಸಲ ನೆಲ್ಲಿಕಾಯಿ ಕಡಿಮೆ ಮಾಡಿದೆ. ಮೂರನೆಯ ಸಲ ರಸ ಮಾತ್ರ ಹಾಕಿದೆ. ನಾಲ್ಕನೆಯ ಸಲ ಜಾರು ತೊಳೆಯುತ್ತಿದ್ದಾಗ ನನ್ನ ಮೇಲೆ ನನಗೇ ಸಿಟ್ಟು ಬಂತು. ಚಿಕ್ಕಮ್ಮ ನೆಲ್ಲಿಕಾಯಿಯನ್ನು ನೀರಿಗೆ ಹಾಕಿ ಕೊಟ್ಟಿರಲಿಲ್ಲ. ಮೊದಲು ಕಾಯಿ ಕೊಟ್ಟರು, ಆಮೇಲೆ ನೀರು ಕೊಟ್ಟರು. ಹಾಗಾದರೆ ಸಿಹಿ ಗ್ಲಾಸಿನಲ್ಲಿ ಇರಬೇಕಾದ ಅಗತ್ಯವೇ ಇಲ್ಲ. ಕುಡಿಯುವವರ ನಾಲಿಗೆಯಲ್ಲಿ ಇದ್ದರೆ ಸಾಕು.

ಅಲ್ಲಿಂದ ಕೆಲಸ ಸರಾಗವಾಯಿತು. ನೆಲ್ಲಿಕಾಯಿಯ ಮೇಲೆ ಹಾಲು ಕುಡಿದರೆ ಹೊಟ್ಟೆ ಕೆಡುತ್ತದೆ ಎಂಬ ಹೆದರಿಕೆ ನಮ್ಮವರಿಗೆಲ್ಲ ಇದೆ, ನನಗೂ ಇದೆ. ಪಪ್ಪಾಯಿಗೂ ಹಾಲಿಗೂ ಹೇಗೂ ಆಗಿ ಬರುವುದಿಲ್ಲ. ಹಾಲನ್ನೇ ಬಿಟ್ಟೆ. ಹಾಲಿಲ್ಲದ ಕಾಕ್‌ಟೇಲ್ ಎಂದರೆ ಅಂಗಡಿಯ ಹೆಸರಿಗೇ ಕುಂದು ಎಂದು ಒಂದು ದಿನ ಮನಸ್ಸು ಒಪ್ಪಲಿಲ್ಲ. ಆದರೂ ಬಿಟ್ಟೆ. ಅದರ ಬದಲು ಬನ್ನಂಗಾಯಿ, ಅಂದರೆ ಎಳನೀರಿನ ಬೊಂಡವೂ ಅಲ್ಲದ, ತೆಂಗಿನಕಾಯಿಯೂ ಆಗದ, ನಡುಪ್ರಾಯದ ಕಾಯಿ. ಅದರ ತಿರುಳು ಚಮಚಕ್ಕೆ ಬರುತ್ತದೆ, ಮಿಕ್ಸಿಯಲ್ಲಿ ಬೆಣ್ಣೆಯ ಹಾಗೆ ನುಣ್ಣಗಾಗುತ್ತದೆ. ತೀರ ಎಳೆಯದಾದರೆ ನೀರಾಗುತ್ತದೆ, ಬಲಿತರೆ ತರಿ ಉಳಿಯುತ್ತದೆ. ಕಾಯಿಯನ್ನು ಕಿವಿಯ ಹತ್ತಿರ ಕುಲುಕಿ ನೋಡಿ ಆರಿಸಬೇಕು. ಹಬೆಯಲ್ಲಿ ಬೇಯಿಸಿ ತಣಿಸಿದ ಕ್ಯಾರೆಟ್ ಎರಡು ಪಾಲು, ಬನ್ನಂಗಾಯಿಯ ತಿರುಳು ಎರಡು ಪಾಲು, ಪಪ್ಪಾಯಿ ಬಣ್ಣಕ್ಕೂ ಪರಿಮಳಕ್ಕೂ ಒಂದು ತುಂಡು. ತೆಳ್ಳಗೆ ಮಾಡಲು ತಣ್ಣನೆಯ ನೀರು, ಒಂದು ಏಲಕ್ಕಿ, ಚಿಟಿಕೆ ಉಪ್ಪು. ಮೇಲೆ ನೆನೆಸಿದ ಕಾಮಕಸ್ತೂರಿ ಬೀಜ ಮತ್ತು ಹತ್ತು ಕಾಳು ದಾಳಿಂಬೆ. ಸಣ್ಣ ಗ್ಲಾಸು.

ನೆಲ್ಲಿಕಾಯಿಗೂ ಒಂದು ಹದವಿತ್ತು. ಇಡೀ ಕಾಯಿ ಕೊಟ್ಟರೆ ಜನ ಕಚ್ಚಿ ನುಂಗಿಬಿಡುತ್ತಾರೆ, ಪ್ರಯೋಜನವಿಲ್ಲ. ಎಸಳು ಬಿಡಿಸಿ ಎರಡೇ ಎಸಳು ಕೊಡಬೇಕು, ಚೆನ್ನಾಗಿ ಜಗಿದು ಬಾಯಿ ತುಂಬ ರಸ ಆಡಿಸಬೇಕು. ಕಾಯಿ ಕುಡಿದ ಉಪ್ಪು ಹೋಗಲು ಅರ್ಧ ಗಂಟೆ ಸಾದಾ ನೀರಿನಲ್ಲಿಡಬೇಕು. ನುಂಗಿದ ತಕ್ಷಣ ಮೊದಲ ಗುಟುಕು. ತಡ ಮಾಡಿದರೆ ಬರೀ ಒಗರು. ಮಾಸ್ಟ್ರ ಮೇಲೆ ಮೂರು ದಿನ ಪ್ರಯೋಗ ನಡೆಯಿತು. ಮೂರನೆಯ ದಿನ ಅವರು ಗ್ಲಾಸನ್ನು ಬೆಳಕಿಗೆ ಹಿಡಿದು, "ಸಕ್ಕರೆ ಹಾಕಲಿಲ್ಲ ಅಂತ ಆಣೆ ಮಾಡಿ," ಎಂದರು. ನನಗೆ ಕುಣಿಯುವಷ್ಟು ಖುಷಿಯಾಯಿತು.

ಬುಧವಾರ ಹನ್ನೊಂದಕ್ಕೆ ಗಂಡನನ್ನು ಕರೆಸಿದೆ. ಕೌಂಟರಿನ ಆಚೆ ಕೂರಿಸಿ, ತಟ್ಟೆಯಲ್ಲಿ ಎರಡು ಎಸಳು ಇಟ್ಟೆ. ಜಗಿದರು. ಗ್ಲಾಸು ಕೊಟ್ಟೆ. ಕುಡಿದರು. ನಾನು ಅವರ ಕಣ್ಣನ್ನೇ ನೋಡುತ್ತಿದ್ದೆ. ಅರ್ಧ ಮುಚ್ಚುವುದಕ್ಕೆ ಬಂದು ನಿಂತಿತು.

"ಒಳ್ಳೆದಾಗಿದೆ," ಎಂದರು. ಬಾಯಿ ಒರೆಸಿಕೊಂಡು, ಒಂದು ಕ್ಷಣ ಯೋಚಿಸಿ, ಪ್ರಾಮಾಣಿಕವಾಗಿ ಸೇರಿಸಿದರು. "ಅಲ್ಲಿಯದ್ದರ ಹತ್ತಿರ ಬಂತು."

ಹತ್ತಿರ! ನನ್ನ ಮೈಯೆಲ್ಲ ಉರಿಯಿತು. ಮೂರು ವಾರದ ನನ್ನ ಒದ್ದಾಟವೆಲ್ಲ ಸೇರಿ ಅವಳದ್ದರ ಹತ್ತಿರ ಬಂದದ್ದು ಮಾತ್ರವೇ? ಅವಳಿಗೆ ಅಂಥದ್ದು ಏನು ಗೊತ್ತು? ನಾನು ಹೇಳಿಕೊಡದ ಯಾವ ವಿದ್ಯೆ ಅವಳ ಕೈಗೆ ಬಂತು? ಆ ದಿನ ನನಗೆ ಬೇಕಾದದ್ದು ಗಂಡನ ಆರೋಗ್ಯವೋ ಅವಳ ಸೋಲೋ ಎಂದು ಯಾರಾದರೂ ಕೇಳಿದ್ದರೆ ಉತ್ತರ ಹೇಳುವುದು ಕಷ್ಟವಿತ್ತು.

ಗುರುವಾರ ಅಂಗಡಿಗೆ ಬೀಗ ಹಾಕಿದೆ. ನೆಲ್ಲಿಕಾಯಿಯನ್ನು ಒಂದು ಗಾಜಿನ ಜಾಡಿಗೆ ತುಂಬಿಸಿ, ಎರಡು ಬನ್ನಂಗಾಯಿಯನ್ನು ಚೀಲಕ್ಕೆ ಹಾಕಿಕೊಂಡು ಮೂಡುಬಿದಿರೆಯ ಬಸ್ಸು ಹತ್ತಿದೆ. ಅವಳದ್ದನ್ನು ಕುಡಿದು ನೋಡಿ, ಆಮೇಲೆ ನನ್ನದನ್ನು ಅವಳ ಕಣ್ಣೆದುರೇ ಮಾಡಿ ತೋರಿಸುವುದು ನನ್ನ ಯೋಚನೆ. ಸಿದ್ಧಕಟ್ಟೆ ದಾಟುವವರೆಗೂ ಹೇಳಬೇಕಾದ ಮಾತುಗಳನ್ನು ಮನಸ್ಸಿನಲ್ಲೇ ಜೋಡಿಸುತ್ತಿದ್ದೆ.

"ಅಕ್ಕಾ! ನೀವಾ?" ಅವಳು ಏಪ್ರನ್ನಿನಲ್ಲೇ ಹೊರಗೆ ಓಡಿ ಬಂದಳು. "ಎಷ್ಟು ಸಲ ಕರೆದೆ ನಿಮ್ಮನ್ನು! ಬನ್ನಿ, ಕೂತ್ಕೊಳ್ಳಿ. ಫ್ಯಾನಿನ ಕೆಳಗೆ ಕೂತ್ಕೊಳ್ಳಿ."

ಅಂಗಡಿ ಚೊಕ್ಕಟವಾಗಿತ್ತು, ಅದೂ ನನಗೆ ಹಿಡಿಸಲಿಲ್ಲ. ಹೆಲ್ತಿ ಕಾಕ್‌ಟೇಲ್ ಕೊಡು ಎಂದೆ. ಅವಳ ಮುಖ ಸ್ವಲ್ಪ ಸಣ್ಣದಾಯಿತು. "ಅದಾ? ಬೇರೆ ಎಂತಾದರೂ ಮಾಡ್ತೇನೆ ಅಕ್ಕ," ಎಂದಳು. ಅದೇ ಬೇಕು ಎಂದು ಹಟ ಮಾಡಿದೆ. ತಂದುಕೊಟ್ಟಳು. ಹಸಿ ಕ್ಯಾರೆಟ್ಟಿನ ರಸ, ಕೆನೆ ತೆಗೆದ ಹಾಲು, ಮೇಲೆ ಒಂದಷ್ಟು ಬೀಜ. ಸಪ್ಪೆ ಎಂದರೆ ಸಪ್ಪೆ. ನಾನು ಮೊದಲ ದಿನ ಸುರಿದು ಬಿಟ್ಟದ್ದು ಇದಕ್ಕಿಂತ ಚೆನ್ನಾಗಿತ್ತು. ನನ್ನ ಎದೆಯೊಳಗೆ ಡೋಲು ಬಾರಿಸಿದ ಹಾಗಾಯಿತು.

"ಇದನ್ನಾ ಜನ ಕುಡಿಯುವುದು?"

"ಇಲ್ಲ ಅಕ್ಕ. ಅದು ಬೋರ್ಡಿಗೆ ಮಾತ್ರ. ದಿನಕ್ಕೆ ಎರಡು ಗ್ಲಾಸು ಹೋದರೆ ಹೆಚ್ಚು. ಎಲ್ಲರೂ ಕೇಳುವುದು ನಿಮ್ಮದನ್ನೇ."

"ನನ್ನದಾ?"

ಅವಳು ಗೋಡೆಯ ಪಟ್ಟಿ ತೋರಿಸಿದಳು. ಎಲ್ಲಕ್ಕಿಂತ ಮೇಲೆ ಬರೆದಿತ್ತು: ಪಾಣೆಮಂಗಳೂರು ಕಾಕ್‌ಟೇಲ್.

"ನಿಮ್ಮ ಅಳತೆ ಒಂದು ಚಮಚವೂ ಬದಲಿಸಲಿಲ್ಲ. ಭಾವ ಕೂಡ ಅದನ್ನೇ ಕುಡಿಯುವುದು, ಮಂಗಳವಾರ ಶುಕ್ರವಾರ ತಪ್ಪಿಸುವುದಿಲ್ಲ. ಗಟ್ಟಿ ಹಾಲು ಸ್ವಲ್ಪ ಹೆಚ್ಚು ಹಾಕಿಸ್ತಾರೆ. 'ನಿನ್ನ ಅಕ್ಕನ ಕೈಯದ್ದೇ ಹಾಗೆ ಆಗಿದೆ' ಅಂತ ಹೇಳ್ತಾರೆ. ನನಗೆ ಎಷ್ಟು ಖುಷಿ ಗೊತ್ತುಂಟಾ?"

ಫೆಬ್ರವರಿಯಿಂದ ಎಷ್ಟು ಮಂಗಳವಾರ, ಎಷ್ಟು ಶುಕ್ರವಾರ ಎಂದು ಮನಸ್ಸು ಲೆಕ್ಕ ಹಾಕುತ್ತಿತ್ತು. ನಾನು ಇಷ್ಟು ದಿನ ಹೊಟ್ಟೆ ಉರಿಸಿಕೊಂಡದ್ದು ನನ್ನದೇ ಕಾಕ್‌ಟೇಲಿನ ಮೇಲೆ. ಸಕ್ಕರೆಯಿಲ್ಲದ್ದು ಅದರಷ್ಟೇ ರುಚಿಯಾಗಲಿ ಎಂದು ಒದ್ದಾಡಿದ್ದು ಸಕ್ಕರೆ ಸುರಿದದ್ದರ ಎದುರು. ಗಂಡ ಹೇಳಿದ್ದರಲ್ಲಿ ಒಂದೇ ಸುಳ್ಳಿತ್ತು. ಉಳಿದದ್ದೆಲ್ಲ ನಿಜ.

"ಅವರಿಗೆ ಸಕ್ಕರೆ ಕಾಯಿಲೆ," ಎಂದೆ. "ಕಾಲ್ಬೆರಳು ಮರಗಟ್ಟಿದೆ."

ಅವಳು ಎದುರಿನ ಕುರ್ಚಿಯಲ್ಲಿ ಕುಸಿದು ಕೂತಳು. "ನನಗೆ ಯಾರೂ ಹೇಳಲಿಲ್ಲ ಅಕ್ಕ. ದೇವರಾಣೆ. ನನ್ನ ಕೈಯಾರೆ ಕೊಟ್ಟೆನಲ್ಲ."

"ನೀನು ಮೂರು ತಿಂಗಳು ಕೊಟ್ಟೆ. ನಾನು ಇಪ್ಪತ್ತೊಂದು ವರ್ಷ ಕೊಟ್ಟೆ."

ಗಿರಾಕಿಯೊಬ್ಬರು ಬಂದು ಹೋದರು. ಅವಳು ಕಣ್ಣು ಒರೆಸಿಕೊಂಡು, "ನಾಳೆ ಭಾವ ಬಂದರೆ ಇಲ್ಲ ಅಂತ ಹೇಳಿಬಿಡ್ತೇನೆ," ಎಂದಳು. ಹೇಳಬಹುದಿತ್ತು. ಆದರೆ ಮೂಡುಬಿದಿರೆಯಲ್ಲಿ ಜ್ಯೂಸಿನಂಗಡಿ ಇದೊಂದೇ ಅಲ್ಲ. ಅವರು ಮೂರನೆಯ ಅಂಗಡಿಗೆ ಹೋಗುತ್ತಾರೆ, ಅಲ್ಲಿ ನನ್ನ ಅಳತೆಯೂ ಇರುವುದಿಲ್ಲ, ನನಗೆ ತಿಳಿಯುವುದೂ ಇಲ್ಲ. ಚೀಲದಲ್ಲಿ ಜಾಡಿ ಇತ್ತು. ಅವಳನ್ನು ಸೋಲಿಸಲೆಂದು ತಂದ ಜಾಡಿ. ಅದನ್ನು ಮೇಜಿನ ಮೇಲಿಡಲು ನನಗೆ ಎಷ್ಟು ಕಷ್ಟವಾಯಿತೆಂದು ಹೇಳಲಾರೆ. ಮೂರು ವಾರದ ದುಡಿಮೆ, ಆ ಬೇಸಿಗೆಯ ನನ್ನ ಒಂದೇ ಹೆಮ್ಮೆ, ಅದನ್ನು ಇವಳ ಕೈಗೆ ಕೊಡುವುದು. ನಾಳೆ ಇವಳು ವೀಡಿಯೊ ಮಾಡುತ್ತಾಳೆ, ಸಾವಿರ ಜನ ನೋಡುತ್ತಾರೆ.

"ಏಪ್ರನ್ ಸರಿಯಾಗಿ ಕಟ್ಟು," ಎಂದೆ. "ಒಮ್ಮೆ ಮಾಡಿ ತೋರಿಸ್ತೇನೆ, ಎರಡನೇ ಸಲ ನೀನು ಮಾಡಬೇಕು."

ಎರಡನೆಯ ಸಲಕ್ಕೇ ಅವಳು ನನಗಿಂತ ನಯವಾಗಿ ಬನ್ನಂಗಾಯಿಯ ತಿರುಳು ಬಿಡಿಸಿದಳು. ಅವಳ ಕೈ ಮೊದಲಿಂದಲೂ ಚುರುಕು. ಅದನ್ನೂ ನೋಡಿಕೊಂಡು ನಿಂತೆ.

ಶುಕ್ರವಾರ ಮಧ್ಯಾಹ್ನ ಅವಳ ಫೋನು ಬಂತು. "ಭಾವ ಬಂದಿದ್ದರು ಅಕ್ಕ. ಮಾಮೂಲಿ ಕೊಡು ಅಂದರು. ನಾನು ಮಾತಾಡದೆ ನೆಲ್ಲಿಕಾಯಿಯ ತಟ್ಟೆ ಇಟ್ಟೆ. ಸುಮಾರು ಹೊತ್ತು ತಟ್ಟೆಯನ್ನೇ ನೋಡಿದರು. ಆಮೇಲೆ ಜಗಿದು, ಪೂರ್ತಿ ಕುಡಿದು, ಬಾಯಿ ಬಿಡದೆ ಹೋದರು."

ಸಂಜೆ ಅವರು ವ್ಯಾನನ್ನು ಮನೆಗೆ ಒಯ್ಯದೆ ನೇರ ಅಂಗಡಿಯ ಎದುರು ನಿಲ್ಲಿಸಿದರು. ಸ್ಟೂಲಿನಲ್ಲಿ ಕೂತರು. ನಾನು ಕೌಂಟರು ಒರೆಸುತ್ತಲೇ ಇದ್ದೆ.

"ಯಾವಾಗಿನಿಂದ?" ಎಂದು ಕೇಳಿದೆ.

"ನೀನು ಕೊಡುವುದು ನಿಲ್ಲಿಸಿದ ವಾರದಿಂದ." ಅವರು ಕೈ ಬೆರಳು ನೋಡಿಕೊಂಡರು. "ಬೇರೆ ಎರಡು ಕಡೆ ಕುಡಿದು ನೋಡಿದೆ. ನಿನ್ನದರ ಹಾಗೆ ಇರಲಿಲ್ಲ."

ಒರೆಸುವ ಬಟ್ಟೆಯನ್ನು ಬದಿಗಿಟ್ಟೆ. ಎರಡು ಎಸಳು ನೆಲ್ಲಿಕಾಯಿ ಎದುರಿಗಿಟ್ಟೆ, ಸಣ್ಣ ಗ್ಲಾಸು ತುಂಬಿಸಿದೆ. ಒಂದೇ ದಿನಕ್ಕೆ ಎರಡು ಗ್ಲಾಸು ಡಾಕ್ಟರು ಒಪ್ಪುವುದಿಲ್ಲ ಎಂದು ಗೊತ್ತಿತ್ತು, ಅದಕ್ಕೇ ಅರ್ಧ ಮಾತ್ರ. ಅವರು ನಿಧಾನವಾಗಿ ಜಗಿದರು, ಕುಡಿದರು. ಈ ಸಲ ಕಣ್ಣು ಅರ್ಧ ಮುಚ್ಚಿತು.

"ಇನ್ನು ಇಲ್ಲಿಯೇ ಕುಡೀತೇನೆ," ಎಂದರು. "ಅವಳ ನೆಲ್ಲಿಕಾಯಿಗೆ ಉಪ್ಪು ಹೆಚ್ಚು ಮಾರಾಯ್ತಿ. ನಿನ್ನದರ ಹದ ಅವಳಿಗೆ ಬರುವುದಿಲ್ಲ."

ಚಿಕ್ಕಮ್ಮನ ಒಂದೇ ಭರಣಿಯ ಕಾಯಿ ಅದು. ಅವಳ ಜಾಡಿಯನ್ನು ತುಂಬಿಸಿದ್ದೂ ನಾನೇ. ಇದನ್ನು ಅವರಿಗೆ ಇವತ್ತಿನವರೆಗೂ ಹೇಳಿಲ್ಲ.